ಕತ್ತಲ ದಾರಿಗೆ ಹೆಚ್ಚುವರಿ ದೀಪ: ಜಗಳೂರು ರಸ್ತೆಯಲ್ಲಿ ನನ್ನ ಅನುಭವ

ಈರುಳ್ಳಿ ಸುಗ್ಗಿಯಲ್ಲಿ ಜಗಳೂರು ಕಡೆಯ ಹಳ್ಳಿಗಳಿಂದ ದಾವಣಗೆರೆಯ ಎಪಿಎಂಸಿಗೆ ಮಾಲು ಸಾಗಿಸುವ ನಾನು ಬೆಳಗಿನ ಜಾವ 3 ಗಂಟೆಗೇ ಪಿಕಪ್ ಹೊರಡಿಸುತ್ತೇನೆ. ಆ ಹೊತ್ತಿನಲ್ಲಿ ಹಿಂಬದಿಗೆ ಕೆಂಪು ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು, ಕುರಿ ಹಿಂಡುಗಳು, ಟಾರಿನ ಮೇಲೆಯೇ ಒಣಹಾಕಿದ ಮೆಕ್ಕೆಜೋಳ ಹಾಗೂ ಅದರ ಸುತ್ತ ಇಟ್ಟ ಕಲ್ಲುಗಳು ಎದುರಾಗುವುದು ಸಾಮಾನ್ಯ.

ಮೊದಲು ನಾನು ಬಂಪರಿಗೆ ಹಾಕಿಸಿದ್ದು ಅಗಲವಾಗಿ ಬೆಳಕು ಚೆಲ್ಲುವ ಎಲ್‌ಇಡಿ ಬಾರ್. ಗಾಡಿಯ ಮುಂದಿನ 20 ಮೀಟರ್ ಹಾಲು ಚೆಲ್ಲಿದಂತೆ ಹೊಳೆಯುತ್ತಿತ್ತು. ಆದರೆ ಕಣ್ಣು ಆ ಹೊಳಪಿಗೇ ಹೊಂದಿಕೊಂಡುಬಿಡುವುದರಿಂದ ಅದರಾಚೆಗೆ ಏನೂ ಕಾಣುತ್ತಿರಲಿಲ್ಲ. ಒಂದು ರಾತ್ರಿ ಜೋಳದ ರಾಶಿಯ ಕಲ್ಲುಗಳು ತೀರ ಹತ್ತಿರ ಬಂದ ಮೇಲೆ ಕಂಡು, ಬ್ರೇಕ್ ಒತ್ತಿದ ರಭಸಕ್ಕೆ ಹಿಂದಿನ ಚೀಲಗಳು ಕ್ಯಾಬಿನ್ನಿಗೆ ಬಂದು ಬಡಿದವು. 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಂಡು, ಬ್ರೇಕ್ ಒತ್ತಿ, ನಿಲ್ಲುವುದಕ್ಕೆ 40 ಮೀಟರಾದರೂ ಬೇಕು.

ಆ ಬಾರ್ ತೆಗೆಸಿ, ಹತ್ತಿರಕ್ಕೆ ಹರಡದೆ ದೂರಕ್ಕೆ ಬೆಳಕು ಎಸೆಯುವ 55 ವ್ಯಾಟ್‌ನ ಎರಡು ಹ್ಯಾಲೊಜೆನ್ ದೀಪಗಳನ್ನು ಹಾಕಿಸಿದೆ. ಎರಡೂ ಸೇರಿ 9 ಆಂಪಿಯರ್‌ಗೂ ಹೆಚ್ಚು ಎಳೆಯುವುದರಿಂದ ಬ್ಯಾಟರಿಯಿಂದ ನೇರವಾಗಿ 15 ಆಂಪಿಯರ್ ಫ್ಯೂಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಮೂಲಕವೇ ವೈರಿಂಗ್ ಆಗಬೇಕೆಂದೆ. ಎಲೆಕ್ಟ್ರಿಷಿಯನ್, "ಬೇರೆ ಸ್ವಿಚ್ ಕೊಡ್ತೀನಿ ಅಣ್ಣ, ಬೇಕಾದಾಗ ಹಾಕ್ಕೊಳ್ರಿ" ಎಂದರು. ನಾನು ಒಪ್ಪಲಿಲ್ಲ. ಎದುರಿನವರ ಕಣ್ಣು ಕೋರೈಸಬಾರದೆಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಬೈಕಿನವರು ಎದುರಾದಾಗ ಎರಡು ಸ್ವಿಚ್ ಹುಡುಕುತ್ತ ಕೂರಲಾಗದು. ಹೈ ಬೀಮ್‌ನ ವೈರಿನಿಂದಲೇ ರಿಲೇ ಆನ್ ಆಗುವಂತೆ ಮಾಡಿಸಿದ್ದರಿಂದ, ಡಿಮ್ ಮಾಡಿದೊಡನೆ ಅವೂ ಆರುತ್ತವೆ.

ದೀಪದ ಕೋನ ಕೂರಿಸುವ ಕೆಲಸವನ್ನು ಮಾತ್ರ ನಾನೇ ಮಾಡಿದೆ. ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಎಂದಿನಷ್ಟೇ ಚೀಲ ಹೇರಿ, ಸಂಜೆ ಗೋದಾಮಿನ ಮುಂದಿನ ಸಮತಟ್ಟಾದ ಅಂಗಳದಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಗಾಡಿ ನಿಲ್ಲಿಸಿದೆ. ಹೇರು ಬಿದ್ದರೆ ಹಿಂಭಾಗ ತಗ್ಗಿ ಮೂತಿ ಮೇಲೇಳುತ್ತದೆ. ಖಾಲಿ ಗಾಡಿಯಲ್ಲಿ ಕೂರಿಸಿದ ದೀಪ ತುಂಬಿದ ದಿನ ಮರದ ಕೊಂಬೆಗಳನ್ನು ತೋರಿಸುತ್ತದೆ. ನನ್ನ ದೀಪಗಳ ನಡುಬಿಂದು ನೆಲದಿಂದ 70 ಸೆಂ.ಮೀ. ಎತ್ತರದಲ್ಲಿದ್ದವು. ಗೋಡೆಯ ಮೇಲೆ ಅದೇ ಎತ್ತರಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, ಅದರ ಕೆಳಗೆ 10 ಸೆಂ.ಮೀ. ಬಿಟ್ಟು ಇನ್ನೊಂದು ಗೆರೆ ಎಳೆದೆ. ಒಂದು ದೀಪದ ಮುಂದೆ ರಟ್ಟು ಹಿಡಿಸಿ, ಇನ್ನೊಂದರ ಬೆಳಕಿನ ದಟ್ಟ ನಡುಭಾಗ ಕೆಳಗಿನ ಗೆರೆಯ ಮೇಲೆ ಕೂರುವಂತೆ ಬಾಗಿಸಿದೆ. ಮೀಟರಿಗೆ 1 ಸೆಂ.ಮೀ. ಇಳಿಯುವ ಆ ಬೆಳಕು 70 ಮೀಟರಿನಲ್ಲಿ ರಸ್ತೆ ಮುಟ್ಟುತ್ತದೆ. ಬಲದ ದೀಪ ನೇರಕ್ಕಿದೆ. ಎಡದ್ದನ್ನು ಮಾತ್ರ ರಸ್ತೆಯ ಅಂಚು ಕಾಣುವಷ್ಟು ಎಡಕ್ಕೆ ತಿರುಗಿಸಿದ್ದೇನೆ.

ನಟ್ ಬಿಗಿದ ಮೇಲೆ ನಟ್ಟಿಗೂ ದೀಪ ಹಿಡಿದಿರುವ ಪಟ್ಟಿಗೂ ಸೇರಿಸಿ ಬಿಳಿ ಪೇಂಟಿನಲ್ಲಿ ಒಂದು ಸಣ್ಣ ಗೆರೆ ಹಾಕಿದೆ. ಕಳೆದ ತಿಂಗಳು ಎಡದ ದೀಪದಲ್ಲಿ ಆ ಗೆರೆ ಕೂದಲೆಳೆಯಷ್ಟು ಸರಿದಿತ್ತು. ಅಂದು ಸಂಜೆಯೇ ಅದೇ ಗೋಡೆಯ ಮುಂದೆ ನಿಲ್ಲಿಸಿ ಮತ್ತೆ ಕೂರಿಸಿದೆ.