ಪುಣೆಯಲ್ಲಿ ಹಬ್ಬದ ಆರಾಧನೆಗೆ ಅತಿಥಿಗಳನ್ನು ಕರೆಯುವಾಗ

ಹುಬ್ಬಳ್ಳಿ, ಬೆಳಗಾವಿ, ಬೀದರ್, ಮಂಗಳೂರು ಕಡೆಯಿಂದ ಪುಣೆಗೆ ಬಂದು ನೆಲೆಸುವ ನಮ್ಮ ಕ್ರೈಸ್ತ ಕುಟುಂಬಗಳು ಡಿಸೆಂಬರ್ ಹತ್ತಿರವಾದಂತೆ ಒಂದು ವಿಷಯದಲ್ಲಿ ಹಿಂದೆಮುಂದೆ ನೋಡುತ್ತವೆ. ಪಕ್ಕದ ಮನೆಯವರನ್ನು, ಕಚೇರಿಯ ಗೆಳೆಯರನ್ನು ಕ್ರಿಸ್‌ಮಸ್ ಆರಾಧನೆಗೆ ಕರೆಯಬಹುದೇ, ಕರೆದರೆ ತಪ್ಪು ತಿಳಿಯುತ್ತಾರೆಯೇ ಎಂಬ ಅಳುಕು. ಕರೆಯಿರಿ ಎಂದೇ ನಾನು ಹೇಳುತ್ತೇನೆ. ಊರಿನಲ್ಲಿ ಓಣಿಯವರಿಗೆಲ್ಲ ನಮ್ಮ ದೇವಾಲಯ ಗೊತ್ತಿತ್ತು, ಗಂಟೆ ಬಾರಿಸಿದರೆ ಯಾವ ಹೊತ್ತೆಂದು ತಿಳಿಯುತ್ತಿತ್ತು. ವಾಕಡ್, ಖರಾಡಿಯ ದೊಡ್ಡ ವಸತಿ ಸಮುಚ್ಚಯಗಳಲ್ಲಿ ನಿಮ್ಮ ಎದುರು ಮನೆಯವರು ಚರ್ಚನ್ನು ಒಳಗಿನಿಂದ ನೋಡಿರಲಿಕ್ಕಿಲ್ಲ. ಹಾಗಾಗಿ ಕರೆಯುವವರ ಹೊಣೆ ಇಲ್ಲಿ ಹೆಚ್ಚು. ಆ ಹೊಣೆಯಲ್ಲಿ ಎಲ್ಲಕ್ಕಿಂತ ದೊಡ್ಡದು, ಆರಾಧನೆ ಮುಗಿಯುವವರೆಗೂ ಅತಿಥಿಯ ಪಕ್ಕದಲ್ಲೇ ಕುಳಿತಿರುವುದು. ನೀವು ಕೊಯರ್‌ನಲ್ಲಿ ಹಾಡುವವರಾದರೆ, ಕಾಣಿಕೆ ಎತ್ತುವ ಸರದಿ ನಿಮ್ಮದಾದರೆ, ಮನೆಯ ಇನ್ನೊಬ್ಬರನ್ನು ಅವರ ಜೊತೆ ಕೂರಿಸಿ. ಅದೂ ಆಗದಿದ್ದರೆ ಆ ದಿನ ಕರೆಯಬೇಡಿ, ಬೇರೆ ದಿನ ಕರೆಯಿರಿ.

ಮೊದಲ ಸಲ ಯಾವುದಕ್ಕೆ ಕರೆಯಬೇಕು ಎಂದರೆ ನನ್ನ ಉತ್ತರ ಕ್ಯಾರಲ್ ಆರಾಧನೆ. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ನಡೆಯುವ ಈ ಸಂಜೆಯಲ್ಲಿ ಬೈಬಲ್ ಪಾಠಗಳೂ ಹಾಡುಗಳೂ ಒಂದರ ನಂತರ ಒಂದು ಬರುತ್ತವೆ. ಸಾಮಾನ್ಯವಾಗಿ ಪ್ರಭುಭೋಜನ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ವಿಧಿ, ಇರುವುದಿಲ್ಲ. ಹೊಸಬರಿಗೆ ಎಲ್ಲಿ ಏಳಬೇಕು, ಯಾವ ಸಾಲಿಗೆ ಹೋಗಬೇಕು ಎಂಬ ಗೊಂದಲ ಕಡಿಮೆ. ಮರಿಯಳಿಗೆ ದೂತನು ಹೇಳಿದ ಸುದ್ದಿಯಿಂದ ಹಿಡಿದು ಕುರುಬರು ಬೆತ್ಲೆಹೇಮಿಗೆ ಹೋದವರೆಗಿನ ಕಥೆ ಒಂದೇ ಸಂಜೆಯಲ್ಲಿ ಪೂರ್ತಿಯಾಗಿ ಸಿಗುತ್ತದೆ. ಡಿಸೆಂಬರ್ 24ರ ರಾತ್ರಿಯ ಬಲಿಪೂಜೆಯ (ಕಥೊಲಿಕರ ಪ್ರಭುಭೋಜನದ ಆರಾಧನೆ) ಸೊಬಗೇ ಬೇರೆ, ನಿಜ. ಆದರೆ ಕ್ಯಾಂಪ್ ಪ್ರದೇಶದ ಜನಸಂದಣಿಯನ್ನು ದಾಟಿ, ತೆರೆದ ಅಂಗಳದಲ್ಲಿ ಪುಣೆಯ ಚಳಿಗೆ ಕುಳಿತು, ನಡುರಾತ್ರಿ ಮನೆಗೆ ಮರಳುವುದು ಎಲ್ಲರಿಗೂ ಹಿಡಿಸುವುದಿಲ್ಲ. ಅದಕ್ಕೇ ಬರುತ್ತೇನೆ ಎಂದರೆ ಶಾಲು, ಸ್ವೆಟರ್ ತರಲು ಹೇಳಿ, ಮರಳುವ ವಾಹನದ ವ್ಯವಸ್ಥೆಯನ್ನು ನೀವೇ ಮಾಡಿ. ಆ ಹೊತ್ತಿನಲ್ಲಿ ರಿಕ್ಷಾಕ್ಕಾಗಿ ಅತಿಥಿಯನ್ನು ರಸ್ತೆಯಲ್ಲಿ ನಿಲ್ಲಿಸಬಾರದು.

ಶುಭ ಶುಕ್ರವಾರಕ್ಕೆ ನೀವಾಗಿ ಕರೆಯಬೇಡಿ. ಅಂದು ಬಲಿಪೂಜೆಯೇ ಇಲ್ಲ. ಯೇಸುವಿನ ಶ್ರಮೆ ಮತ್ತು ಮರಣದ ಪಾಠ, ಶಿಲುಬೆಯ ವಂದನೆ, ಮೌನ. ದುಃಖದ ಮನೆಗೆ ಯಾರನ್ನೂ ಹಬ್ಬಕ್ಕೆ ಕರೆದಂತೆ ಕರೆಯುವುದಿಲ್ಲ. ಅವರಾಗಿಯೇ ಬರುತ್ತೇನೆ ಎಂದರೆ ಧಾರಾಳವಾಗಿ ಕರೆದುಕೊಂಡು ಹೋಗಿ, ಅಂದು ಶುಭಾಶಯ ಹೇಳುವ ರೂಢಿಯಿಲ್ಲ ಎಂದು ಮಾತ್ರ ಮೊದಲೇ ತಿಳಿಸಿ. ಈಸ್ಟರ್ ಮುನ್ನಾದಿನದ ಪಾಸ್ಖ ಜಾಗರಣೆ ಬಹಳ ದೀರ್ಘ. ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದಬತ್ತಿ ಬೆಳಗಿ, ಕೈಯಿಂದ ಕೈಗೆ ಬೆಳಕು ಹರಿದುಬರುವ ಆ ಮೊದಲ ಭಾಗವನ್ನು ಕಂಡವರು ಮರೆಯುವುದಿಲ್ಲ. ಅದರ ನಂತರದ ಪಾಠಗಳ ಸಾಲು ಹೊಸಬರಿಗೆ ಭಾರವಾಗಬಹುದು. ಭಾನುವಾರ ಬೆಳಗಿನ ಆರಾಧನೆ ಸುಲಭ. ಈಸ್ಟರ್‌ಗೆ ನಿಗದಿಯಾದ ತಾರೀಖಿಲ್ಲ: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಭಾನುವಾರ. ಹುಣ್ಣಿಮೆಯ ಲೆಕ್ಕ ಹೇಳಿದರೆ ನಮ್ಮ ಹಿರಿಯರಿಗೆ ತಟ್ಟನೆ ಅರ್ಥವಾಗುತ್ತದೆ.

ಪುಣೆಯಲ್ಲಿ ನಿಮಗೆ ಸುಲಭವಾಗಿ ಸಿಗುವುದು ಇಂಗ್ಲಿಷ್ ಮತ್ತು ಮರಾಠಿ ಆರಾಧನೆ. ಕಚೇರಿಯ ಗೆಳೆಯರಿಗೆ ಇಂಗ್ಲಿಷ್ ಸಾಕು. ಬೆಳಗಾವಿ, ಬೀದರ್ ಕಡೆಯ ಹಿರಿಯರಿದ್ದರೆ ಮರಾಠಿಗೇ ಕರೆದುಕೊಂಡು ಹೋಗಿ ಎನ್ನುತ್ತೇನೆ. 1919ರಲ್ಲಿ ತೀರಿಕೊಂಡ ಕವಿ ನಾರಾಯಣ ವಾಮನ ಟಿಳಕರು ಬರೆದ ಕ್ರಿಸ್ತ ಭಜನೆಗಳನ್ನು ಮರಾಠಿ ಸಭೆಗಳು ಇಂದಿಗೂ ಹಾಡುತ್ತವೆ. ಪಂಢರಪುರದ ಅಭಂಗಗಳನ್ನು ಕೇಳಿ ಬೆಳೆದವರಿಗೆ ಆ ಧಾಟಿ ಪರಕೀಯವೆನಿಸುವುದಿಲ್ಲ.

ನಮ್ಮ ಕಟ್ಟಡದಲ್ಲಿ ಗದಗದ ಅಜ್ಜಿಯೊಬ್ಬರಿದ್ದರು, ಇಷ್ಟಲಿಂಗ ಧರಿಸಿದವರು. ಕ್ಯಾರಲ್ ಸಂಜೆಗೆ ಬಂದಾಗ ಚಪ್ಪಲಿಯನ್ನು ಗೇಟಿನ ಬಳಿಯೇ ಬಿಟ್ಟು ಬರಿಗಾಲಲ್ಲಿ ನಡೆದರು. ಇಲ್ಲಿ ಹೆಚ್ಚಿನ ಚರ್ಚ್‌ಗಳಲ್ಲಿ ಪಾದರಕ್ಷೆ ಹಾಕಿಕೊಂಡೇ ಒಳಗೆ ಹೋಗುತ್ತಾರೆ. ಆದರೂ ನಾನು ಅವರನ್ನು ತಡೆಯಲಿಲ್ಲ, ಅವರ ಚಪ್ಪಲಿಯನ್ನು ಚೀಲದಲ್ಲಿ ಹಾಕಿ ಇಟ್ಟುಕೊಂಡೆ. ಎಲ್ಲರೂ ಮೊಣಕಾಲೂರಿದಾಗ ಅವರು ಕುಳಿತೇ ಕಣ್ಣು ಮುಚ್ಚಿದರು. ಮುಗಿದ ಮೇಲೆ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಮಾದರಿ) ಮುಂದೆ ಬಹಳ ಹೊತ್ತು ನಿಂತು, "ಎಲ್ಲರೂ ಇದ್ದಾರೆ, ಕೂಸು ಎಲ್ಲಿ?" ಎಂದು ಕೇಳಿದರು. ಕೂಸನ್ನು 24ರ ರಾತ್ರಿ ಇಡುತ್ತೇವೆ, ಅಲ್ಲಿಯವರೆಗೆ ಹುಲ್ಲಿನ ಹಾಸಿಗೆ ಖಾಲಿ ಎಂದೆ. "ಹಾಗಾದರೆ ನೋಡಲು ಇನ್ನೊಮ್ಮೆ ಬರಬೇಕಾಯಿತು" ಎಂದರು. ಮರುವಾರ ಮಗನ ಜೊತೆ ಬಂದರು ಕೂಡ.

ಪ್ರಭುಭೋಜನದ ವಿಷಯವನ್ನು ಮಾತ್ರ ಮನೆಯಲ್ಲೇ, ಹೊರಡುವ ಮೊದಲೇ ಹೇಳಿಬಿಡಿ. ಎಲ್ಲರೂ ಎದ್ದು ಸಾಲಾಗಿ ಮುಂದೆ ಹೋಗುವುದನ್ನು ಕಂಡರೆ, ದೇವಸ್ಥಾನದಲ್ಲಿ ಪ್ರಸಾದಕ್ಕೆ ಕೈಯೊಡ್ಡಿ ರೂಢಿಯಿರುವವರು ತಾವೂ ಏಳುವುದು ಸಹಜ. ಏಳದಿದ್ದರೆ ಅಗೌರವವೆಂದೂ ಅವರಿಗೆ ತೋರಬಹುದು. ಕಥೊಲಿಕ ಬಲಿಪೂಜೆಯಲ್ಲಿ ಪರಮಪ್ರಸಾದ ದೀಕ್ಷಾಸ್ನಾನ ಪಡೆದ ಕಥೊಲಿಕರಿಗೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಸಭೆಯಿಂದ ಸಭೆಗೆ ನಿಯಮ ಬೇರೆಯಾದರೂ ಅದು ಸಾಮಾನ್ಯವಾಗಿ ದೀಕ್ಷಾಸ್ನಾನವಾದ ವಿಶ್ವಾಸಿಗಳಿಗೇ. "ಆ ಹೊತ್ತಿನಲ್ಲಿ ನೀವು ಕುಳಿತೇ ಇರಿ, ಅನೇಕರು ಕುಳಿತಿರುತ್ತಾರೆ, ಯಾರೂ ಏನೂ ತಿಳಿದುಕೊಳ್ಳುವುದಿಲ್ಲ" ಎಂದು ಸರಳವಾಗಿ ಹೇಳಿದರೆ ಸಾಕು. ಸಾಲಿನಲ್ಲಿ ಗುರುಗಳ ಮುಂದೆ ನಿಂತ ಮೇಲೆ ತಡೆದರೆ ಆಗುವ ಮುಜುಗರ ಸಣ್ಣದಲ್ಲ. ಪಕ್ಕದವರು ಸಮಾಧಾನದ ವಂದನೆ ಹೇಳಲು ತಿರುಗಿದಾಗ ಕೈ ಮುಗಿದರೆ ಆಯಿತು. ಕಾಣಿಕೆಯ ಚೀಲ ಬಂದಾಗ ಹಾಕಲೇಬೇಕೆಂದಿಲ್ಲ. ಹಣೆಯ ಕುಂಕುಮ, ವಿಭೂತಿಗೆ ಯಾರ ಆಕ್ಷೇಪವೂ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಸಭೆಗಳಲ್ಲಿ ಹೊಸದಾಗಿ ಬಂದವರನ್ನು ಎದ್ದು ನಿಲ್ಲಿಸಿ ಹೆಸರು ಕೇಳಿ ಚಪ್ಪಾಳೆ ತಟ್ಟುತ್ತಾರೆ. ಅದು ಪ್ರೀತಿಯಿಂದಲೇ. ಆದರೂ ಅತಿಥಿ ಬರುತ್ತಿದ್ದಾರೆ, ಎದ್ದು ನಿಲ್ಲಿಸುವುದು ಬೇಡ ಎಂದು ಅಯ್ಯನವರಿಗೋ ಫಾದರ್‌ಗೋ ಮೊದಲೇ ಹೇಳಿಡಿ. ಪುಣೆಯಲ್ಲಿ ಇದಕ್ಕೊಂದು ಹಳೆಯ ಪಾಠವೇ ಇದೆ. 1890ರಲ್ಲಿ ಇಲ್ಲಿನ ಪಂಚ್ ಹೌದ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ ಕರೆದ ಸಭೆಗೆ ಮಹಾದೇವ ಗೋವಿಂದ ರಾನಡೆ, ಬಾಲ ಗಂಗಾಧರ ಟಿಳಕ್ ಮೊದಲಾದ ಗಣ್ಯರು ಹೋಗಿದ್ದರು. ಸಭೆಯ ಕೊನೆಗೆ ಚಹಾ, ಬಿಸ್ಕತ್ತು ಕೊಟ್ಟರು. ಹೋದವರ ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾದವು. ಕ್ರೈಸ್ತರ ಕೈಯ ಚಹಾ ಕುಡಿದರೆಂದು ಸನಾತನಿಗಳು ಬಹಿಷ್ಕಾರದ ಮಾತೆತ್ತಿದರು, ದೂರು ಶಂಕರಾಚಾರ್ಯರವರೆಗೆ ಹೋಯಿತು, ಪ್ರಾಯಶ್ಚಿತ್ತದವರೆಗೂ ಮುಟ್ಟಿತು. ಆ ಕಾಲ ಕಳೆದಿದೆ. ಆದರೂ ನಿಮ್ಮ ಅತಿಥಿಗೆ ಮನೆಯಿದೆ, ಅತ್ತೆ-ಮಾವ ಇದ್ದಾರೆ, ಊರಿನ ವಾಟ್ಸ್‌ಆ್ಯಪ್ ಗುಂಪುಗಳಿವೆ. ಅವರು ಚರ್ಚಿನಲ್ಲಿ ಕುಳಿತ ಚಿತ್ರವನ್ನು ಅವರನ್ನು ಕೇಳದೆ ಎಲ್ಲೂ ಹಾಕಬೇಡಿ. ಬಂದದ್ದನ್ನು ಯಾರಿಗೆ ಹೇಳಬೇಕು, ಹೇಳಬಾರದು ಎನ್ನುವುದು ಅವರಿಗೆ ಬಿಟ್ಟದ್ದು.

ಇದೇ ಕಾರಣಕ್ಕೆ ಕಚೇರಿಯಲ್ಲಿ ನಿಮ್ಮ ಕೈಕೆಳಗೆ ಕೆಲಸ ಮಾಡುವವರನ್ನು ಒಬ್ಬೊಬ್ಬರಾಗಿ ಕರೆಯುವುದು ಸರಿಯಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಅವರಿಗೆ ಬೇಡವೆನ್ನಲು ಕಷ್ಟ. ಉಳಿದವರನ್ನು ಬಾಯಿಮಾತಿನಲ್ಲಿ, ಮನೆಗೆ ಹೋಗಿ ಕರೆಯಿರಿ. ಎಷ್ಟು ಹೊತ್ತು ನಡೆಯುತ್ತದೆ, ಯಾವ ಭಾಷೆಯಲ್ಲಿ, ನಡುವೆ ಎದ್ದು ಹೋಗಬೇಕಾದರೆ ಯಾವ ಕಡೆ ಕೂರಬೇಕು ಎಲ್ಲವನ್ನೂ ಹೇಳಿ. ಅವರನ್ನು ಕ್ರೈಸ್ತರನ್ನಾಗಿ ಮಾಡುವ ಉದ್ದೇಶವನ್ನು ಹಬ್ಬದ ಕರೆಯೊಳಗೆ ಬಚ್ಚಿಟ್ಟುಕೊಂಡು ಹೋಗಬೇಡಿ. ನಂಬಿಕೆಯ ಬಗ್ಗೆ ಕೇಳಿದರೆ ಮನಸ್ಸು ಬಿಚ್ಚಿ ಮಾತನಾಡಿ, ಕೇಳದಿದ್ದರೆ ಸುಮ್ಮನಿರಿ. ಬರುವುದಿಲ್ಲ ಎಂದರೆ ಆ ವರ್ಷಕ್ಕೆ ಆ ಮಾತು ಮುಗಿಯಿತು. ಹಬ್ಬದ ತಿಂಡಿ ಮಾತ್ರ ತಪ್ಪದೆ ಕಳುಹಿಸಿ.

ತಿಂಡಿಯ ಮಾತು ಬಂದಾಗ: ಕೇಕಿನಲ್ಲಿ ಮೊಟ್ಟೆಯಿದ್ದರೆ, ಹಣ್ಣುಗಳನ್ನು ರಮ್‌ನಲ್ಲಿ ನೆನೆಸಿದ್ದರೆ ತಟ್ಟೆ ಕೊಡುವ ಮೊದಲೇ ಹೇಳಿ. ಪುಣೆಯಲ್ಲಿ ಜೈನರು, ಲಿಂಗಾಯತರು, ಬ್ರಾಹ್ಮಣರು ನಿಮ್ಮ ನೆರೆಯಲ್ಲಿರುವುದು ಖಂಡಿತ. ಕರ್ಜಿಕಾಯಿ, ಚಕ್ಕುಲಿ, ಶಂಕರಪೋಳಿ ಎಲ್ಲರಿಗೂ ನಡೆಯುತ್ತವೆ. ಇಲ್ಲಿನ ಮರಾಠಿ ಕ್ರೈಸ್ತರ ಮನೆಗಳಲ್ಲೂ ಕ್ರಿಸ್‌ಮಸ್‌ಗೆ ಇವೇ. ಮಂಗಳೂರಿನ ಕಥೊಲಿಕರಾದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನ ಜನ್ಮದಿನ) ಕರೆಯುವುದು ಇನ್ನೂ ಚೆಂದ: ಮಕ್ಕಳು ಮರಿಯಮ್ಮನಿಗೆ ಹೂ ಅರ್ಪಿಸುವುದು, ಹೊಸ ತೆನೆಯ ಆಶೀರ್ವಾದ, ಮನೆಯಲ್ಲಿ ಪೂರ್ತಿ ಸಸ್ಯಾಹಾರದ ಊಟ. ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುವುದು ಕರಾವಳಿಯ ಹಿಂದೂಗಳಿಗೂ ತಮ್ಮದೇ ಹಬ್ಬ.

ಸುತ್ತಾಡಿಸುವ ಸಮಯವಿದ್ದರೆ ಕ್ವಾರ್ಟರ್ ಗೇಟ್ ಬಳಿಯ ಸಿಟಿ ಚರ್ಚ್ ತೋರಿಸಿ. ತನ್ನ ಸೈನ್ಯದಲ್ಲಿದ್ದ ಕ್ರೈಸ್ತರಿಗಾಗಿ ಸವಾಯಿ ಮಾಧವರಾವ್ ಪೇಶ್ವೆ ಕೊಟ್ಟ ಜಾಗದಲ್ಲಿ 1792ರಲ್ಲಿ ಆರಂಭವಾದ ದೇವಾಲಯ ಅದು. ಪುಣೆಯವರಿಗೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಅವರು ಗಣೇಶೋತ್ಸವಕ್ಕೆ ನಿಮ್ಮನ್ನು ಕರೆಯುತ್ತಾರೆ, ಹೋಗಿ. ಆರತಿಯ ಹೊತ್ತಿನಲ್ಲಿ ಏನು ಮಾಡುತ್ತೀರಿ, ಪ್ರಸಾದ ತೆಗೆದುಕೊಳ್ಳುತ್ತೀರೋ ಇಲ್ಲವೋ ಎಂಬುದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು, ನಮ್ಮವರಲ್ಲೇ ಎರಡೂ ಥರದವರಿದ್ದಾರೆ. ತೆಗೆದುಕೊಳ್ಳದಿದ್ದರೆ ಮನೆಯ ಯಜಮಾನಿಗೆ ಮೊದಲೇ ವಿನಯದಿಂದ ಹೇಳಿ, "ಅಕ್ಕಾ, ನಾವು ಕುಳಿತು ನೋಡುತ್ತೇವೆ" ಎಂದು. ಪ್ರಭುಭೋಜನದ ಹೊತ್ತಿಗೆ ನೀವು ಅವರನ್ನು ಕುಳಿತಿರಲು ಕೇಳಿಕೊಂಡಿದ್ದೀರಿ. ಅವರಿಗೆ ನಿಮ್ಮ ಮಾತು ಅರ್ಥವಾಗುತ್ತದೆ.