ನೀಲಿ ಹಾಕಬೇಕಾದ್ದು ನೀರಿಗೆ

ಮೊನ್ನೆ ಮೊಮ್ಮಗ ಸಂಕ್ರಾಂತಿಗೆ ಉಡೋ ಪಂಚೆಯನ್ನು ಬಕೆಟ್ಟಿಗೆ ಹಾಕಿ, ಅದರ ಮೇಲೇ ನೀಲಿ ಬಾಟಲಿ ಬಗ್ಗಿಸಿಬಿಟ್ಟ. ಪಂಚೆ ತುಂಬಾ ಮಚ್ಚೆ. ನೀಲಿ ಹಾಕಬೇಕಾದ್ದು ನೀರಿಗೆ, ಬಟ್ಟೆಗಲ್ಲ ಅಂತ ಎಷ್ಟು ಸಲ ಹೇಳೋದು?

ಮೊದಲು ಸೋಪು ಪೂರ್ತಿ ಬಿಡಬೇಕು. ನಮ್ಮ ಕೋಲಾರದ ಬೋರ್ ನೀರು ಗಡಸು, ಸೋಪಿನ ಗಸಿ ಬಟ್ಟೆಯಲ್ಲೇ ಕೂತು ಬಿಳಿ ಮಾಸುತ್ತೆ. ಚೆನ್ನಾಗಿ ಜಾಲಿಸಿ, ಹಿಂಡಿ ಇಟ್ಕೊಳ್ಳಿ.

ನಾನು ಈಗಲೂ ಪುಡಿ ನೀಲಿಯನ್ನೇ ತರೋದು. ಹಳೇ ತೆಳು ಪಂಚೆಯ ತುಂಡನ್ನು ಎರಡು ಪದರ ಮಾಡಿ, ಚಿಟಿಕೆ ಪುಡಿ ಇಟ್ಟು, ದಾರದಿಂದ ಬಿಗಿಯಾಗಿ ಗಂಟು ಕಟ್ಟಬೇಕು. ಆ ಗಂಟನ್ನು ನೀರಲ್ಲಿ ಸುಮ್ನೆ ಅಲ್ಲಾಡಿಸಿ, ಹಿಸುಕಬೇಡಿ, ಹಿಸುಕಿದರೆ ಕಾಳು ಹೊರಗೆ ಬಂದು ಚುಕ್ಕೆ ಬೀಳುತ್ತೆ. ಆಮೇಲೆ ಬೊಗಸೆಯಲ್ಲಿ ನೀರು ಎತ್ತಿ ನೋಡಿ. ಅಂಗೈ ಗೆರೆ ಸ್ಪಷ್ಟವಾಗಿ ಕಾಣಬೇಕು, ಬಣ್ಣ ಇದೆಯೋ ಇಲ್ಲವೋ ಅನ್ನೋ ಹಾಗಿರಬೇಕು. ಗೆರೆ ಮಸುಕಾದರೆ ಜಾಸ್ತಿಯಾಯ್ತು, ನೀರು ಸೇರಿಸಿ. ಅಮ್ಮ ಬಾವಿಕಟ್ಟೆ ಹತ್ತಿರ ನನ್ನ ಕೈ ಹಿಡಿದು ಇದನ್ನೇ ತೋರಿಸಿಕೊಟ್ಟಿದ್ದು. ಒದ್ದೆ ಬಟ್ಟೆಯನ್ನು ಪೂರ್ತಿ ಬಿಡಿಸಿ, ಒಂದೇ ಸಲ ಮುಳುಗಿಸಿ, ತಕ್ಷಣ ಎತ್ತಿ. ನೆನೆಹಾಕಿದರೆ ಮಡಿಕೆಯಲ್ಲೆಲ್ಲಾ ನೀಲಿ ಕೂರುತ್ತೆ. ಪುಡಿ ತಳಕ್ಕಿಳಿಯುತ್ತೆ, ಅದಕ್ಕೆ ಪ್ರತಿ ಬಟ್ಟೆಗೂ ಮುಂಚೆ ನೀರಿಗೆ ಕೈಯಾಡಿಸಿ. ಇಷ್ಟಕ್ಕೂ ಕೊಳೆ ತೆಗೆಯೋದು ನೀಲಿ ಅಲ್ಲ, ಅದು ಹಳದಿ ಛಾಯೆಯನ್ನು ಮರೆಸುತ್ತೆ ಅಷ್ಟೇ.

ಸುಣ್ಣ ಹೊಡೆಯೋವಾಗಲೂ ಹೀಗೇ, ಸ್ವಲ್ಪ ನೀಲಿಯನ್ನು ಬೇರೆ ಚೊಂಬಲ್ಲಿ ಕದಡಿಯೇ ಸುಣ್ಣಕ್ಕೆ ಹಾಕಬೇಕು, ಗೋಡೆ ಬೆಳ್ಳಗೆ ಕಾಣುತ್ತೆ.

ಹೆಸರು ನೀಲಿ ಅಂದ ಮಾತ್ರಕ್ಕೆ ಇದು ನೀಲಿ ಗಿಡದ್ದಲ್ಲ. ಪುಡಿ ನೀಲಿ ಸಾಮಾನ್ಯವಾಗಿ ಜೇಡಿ, ಸೋಡಾ, ಗಂಧಕ ಎಲ್ಲ ಸೇರಿಸಿ ಕಾಸಿ ಮಾಡೋ ಅಲ್ಟ್ರಾಮರೀನ್. ಗಿಡದ ಎಲೆ ಹಸಿರು. ನೀರಲ್ಲಿ ಕೊಳೆಸಿ, ಆ ನೀರನ್ನು ಗಾಳಿಯಾಡುವಂತೆ ಬಡಿದಾಗಲೇ ನೀಲಿ ಹುಟ್ಟಿ ತಳದಲ್ಲಿ ಕೂರೋದು. ನಮ್ಮ 'ನೀಲ' ಅರಬ್ಬರ ಬಾಯಲ್ಲಿ ಅನ್ನೀಲ್, ಪೋರ್ಚುಗೀಸರಲ್ಲಿ ಅನಿಲ್ ಆಯ್ತು. ಗ್ರೀಕರು ಇಂಡಿಯಾದ್ದು ಅಂತ ಇಂಡಿಕಾನ್ ಅಂದರು, ಅದೇ ಇಂಡಿಗೊ. 1897ರಲ್ಲಿ ಜರ್ಮನಿಯ ಕಾರ್ಖಾನೆ ಬಣ್ಣ ಬಂದಮೇಲೆ ಗಿಡದ ಬೆಳೆ ಬಿದ್ದೇಹೋಯ್ತು. ಮದರಂಗಿ ಆದಮೇಲೆ ತಲೆಗೆ ಹಚ್ಚೋದು ಆ ಎಲೆಯ ಪುಡಿ, ಬಟ್ಟೆ ನೀಲಿ ತಲೆಗೆ ಹಾಕ್ಕೊಂಡೀರಿ ಮತ್ತೆ!

ಮಚ್ಚೆಯಾಗಿದ್ದರೆ ಒಣಗೋಕೆ ಬಿಡಬೇಡಿ, ಹಸಿ ಇರುವಾಗಲೇ ಸೋಪು ಹಾಕಿ ಮತ್ತೆ ಒಗೆಯಿರಿ.