ನೀಲನಕ್ಷೆ ನೀಲಿ ಯಾಕೆ?

ಆರ್ಟ್ ಅಂಡ್ ಡಿಸೈನ್ ಕಾಲೇಜಿನಲ್ಲಿ ಚಿತ್ರ ಬಿಡಿಸುವುದನ್ನು ಕಲಿಸದ ಕೆಲವೇ ಅಧ್ಯಾಪಕರಲ್ಲಿ ನಾನೂ ಒಬ್ಬಳು. ನನ್ನದು ಚರಿತ್ರೆ, ಸಾಹಿತ್ಯ, ಒಂದಿಷ್ಟು ತತ್ವಶಾಸ್ತ್ರ, ಪ್ರಬಂಧ ಬರವಣಿಗೆ. ಟೈಮ್‌ಟೇಬಲ್‌ನಲ್ಲಿ ಇದಕ್ಕೆ ಲಿಬರಲ್ ಆರ್ಟ್ಸ್ ಎಂದು ಹೆಸರು, ವಿದ್ಯಾರ್ಥಿಗಳ ಬಾಯಲ್ಲಿ ‘ಥಿಯರಿ ಕ್ಲಾಸು’. ಮೊದಲ ಎರಡು ವರ್ಷ ನಾನು ಈ ಪಾಠವನ್ನು ತಪ್ಪಾಗಿ ಮಾಡಿದೆ. ಆಮೇಲೆ ದಾರಿ ಹೇಗೆ ಸಿಕ್ಕಿತು ಎನ್ನುವುದನ್ನು, ಇದೇ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಆಗ ವಾರಕ್ಕೊಂದು ಯುಗ, ಗಂಟೆಗೆ ಅರವತ್ತು ಸ್ಲೈಡು. ರಾತ್ರಿಯಿಡೀ ಸ್ಟುಡಿಯೊದಲ್ಲಿ ಮಾಡೆಲ್ ಕತ್ತರಿಸಿ ಅಂಟಿಸಿ ಬಂದವರು, ದೀಪ ಆರಿಸಿದ ಕೂಡಲೇ ನಿದ್ದೆ ಹೋಗುತ್ತಿದ್ದರು. ಎಚ್ಚರ ಇದ್ದವರು ನೋಟ್‌ಬುಕ್ಕಿನ ಅಂಚಿನಲ್ಲಿ ಏನೋ ಗೀಚುತ್ತಿರುತ್ತಿದ್ದರು. ಪರೀಕ್ಷೆಯಲ್ಲಿ ಎಲ್ಲರ ಉತ್ತರವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬರುತ್ತಿತ್ತು. ಇವರು ಸೋಮಾರಿಗಳಾಗಿದ್ದರೆ ಒಂದು ಮಾತು. ಒಂದು ಗೆರೆ ಎಷ್ಟು ದಪ್ಪ ಇರಬೇಕು ಎಂದು ಅರ್ಧ ಗಂಟೆ ವಾದ ಮಾಡುವ ಮಕ್ಕಳು ಇವರು. ಅಷ್ಟೊಂದು ಗಮನ ನನ್ನ ಕ್ಲಾಸಿನ ಬಾಗಿಲ ತನಕ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಅದೇ ನನ್ನನ್ನು ಕಾಡಿದ್ದು.

ಮೂರನೇ ವರ್ಷ ಒಬ್ಬ ಹುಡುಗಿ ಪಾಠದ ನಡುವೆ ಕೇಳಿದಳು: “ಮೇಡಂ, ನೀಲನಕ್ಷೆ ಅಂತೀರಲ್ಲ, ನಾವು ಪ್ರಿಂಟ್ ತೆಗೆಯೋ ನಕ್ಷೆ ಎಲ್ಲ ಕಪ್ಪು–ಬಿಳುಪು. ನೀಲಿ ಎಲ್ಲಿಂದ ಬಂತು?” ನಾನು ದಿನಕ್ಕೆ ಹತ್ತು ಸಲ ಬಳಸುವ ಪದ ಅದು. ಉತ್ತರ ನನಗೆ ಗೊತ್ತಿರಲಿಲ್ಲ. ಮುಂದಿನ ವಾರ ಹೇಳುತ್ತೇನೆ ಅಂದೆ.

ಹುಡುಕಿದಾಗ ಸಿಕ್ಕಿದ್ದು ಜಾನ್ ಹರ್ಷಲ್ ಎಂಬ ಖಗೋಳ ವಿಜ್ಞಾನಿಯ ಹೆಸರು. 1842ರಲ್ಲಿ ಆತ ಕಂಡುಕೊಂಡ ಸಯನೊಟೈಪ್ ಎಂಬ ವಿಧಾನ ಮುಂದೆ ವಾಸ್ತುಶಿಲ್ಪಿಗಳ ಕೈ ಸೇರಿತು. ಪಾರದರ್ಶಕ ಹಾಳೆಯ ಮೇಲೆ ಬರೆದ ನಕ್ಷೆಯನ್ನು ಈ ರಾಸಾಯನಿಕ ಹಚ್ಚಿದ ಕಾಗದದ ಮೇಲಿಟ್ಟು ಬೆಳಕಿಗೆ ಹಿಡಿದರೆ, ಶಾಯಿಯ ಗೆರೆ ಇದ್ದಲ್ಲಿ ಬೆಳಕು ತಾಗದೆ ಬಿಳಿ ಉಳಿಯುತ್ತದೆ, ಮಿಕ್ಕಿದ್ದೆಲ್ಲ ನೀಲಿ. ಅದೇ ನೀಲನಕ್ಷೆ. ವಿಧಾನ ಬಳಕೆ ತಪ್ಪಿತು, ಪದ ಉಳಿದುಕೊಂಡಿತು.

ಇದನ್ನೂ ಸ್ಲೈಡಿನಲ್ಲೇ ತೋರಿಸಬಹುದಿತ್ತು. ಯಾಕೋ ಮನಸ್ಸು ಒಪ್ಪಲಿಲ್ಲ. ಫೋಟೊಗ್ರಫಿ ಲ್ಯಾಬಿನ ಸಹೋದ್ಯೋಗಿಯನ್ನು ಕೇಳಿಕೊಂಡೆ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಆಮೇಲೆ ಬೆರೆಸಿ, ಮಬ್ಬು ಬೆಳಕಿನಲ್ಲಿ ಅಗಲ ಬ್ರಷ್ಷಿನಿಂದ ಕಾಗದಕ್ಕೆ ಬಳಿದೆವು. ಆಗ ಕಾಗದದ ಬಣ್ಣ ಹಳದಿ ಮಿಶ್ರಿತ ಹಸಿರು. ಒಣಗಿದ ಮೇಲೆ ಒಬ್ಬೊಬ್ಬರು ಒಂದೊಂದು ವಸ್ತು ಇಟ್ಟರು: ಎಲೆ, ಕತ್ತರಿ, ಬಟ್ಟೆಯ ಜಾಲರಿ. ಮೇಲೊಂದು ಗಾಜು ಮುಚ್ಚಿ ಬಿಸಿಲಿಗೆ ತಂದೆವು. ಕಾಲು ಗಂಟೆಯಲ್ಲಿ ಕಾಗದ ಹಸಿರು ಬಿಟ್ಟು ಬೂದು ಬಣ್ಣಕ್ಕೆ ತಿರುಗಿತು. ಎಲ್ಲರ ಮುಖ ಸಪ್ಪೆಯಾಯಿತು, ಕೆಟ್ಟುಹೋಯಿತು ಅಂದುಕೊಂಡರು. ನೀರಿನ ಟ್ರೇಗೆ ಹಾಕಿದಾಗ ಹಳದಿ ತೊಳೆದು ಹೋಗುತ್ತಾ ಹೋಗುತ್ತಾ, ಎಲೆಯ ಸುತ್ತ ನೀಲಿ ಏಳತೊಡಗಿತು. ಇಪ್ಪತ್ತೆಂಟು ತಲೆ ಒಂದೇ ಟ್ರೇ ಮೇಲೆ ಬಾಗಿದ್ದವು. ಯಾರೂ ಮಾತಾಡಲಿಲ್ಲ.

ಆಮೇಲೆ ಪ್ರಶ್ನೆಗಳು ಶುರುವಾದವು. ನೀಲಿ ನೀರಿನಲ್ಲೇ ಯಾಕೆ ಬಂತು? ಇದಕ್ಕೆ ಮೊದಲು ನೀಲಿ ಎಲ್ಲಿಂದ ತರುತ್ತಿದ್ದರು? ದುಬಾರಿ ಆಗಿತ್ತಾ? ಎರಡು ವರ್ಷ ನಾನು ಕೇಳಿ ಕೇಳಿ ಸೋತಿದ್ದ ಪ್ರಶ್ನೆಗಳನ್ನು ಅವರೇ ನನಗೆ ಕೇಳುತ್ತಿದ್ದರು. ಅವತ್ತು ಸಂಜೆ ಕೂತು ಹಳೆಯ ಪಠ್ಯಕ್ರಮವನ್ನು ಪೂರ್ತಿ ಪಕ್ಕಕ್ಕಿಟ್ಟೆ. ಆಮೇಲೆ ಹದಿನಾಲ್ಕು ವಾರಕ್ಕೂ ಒಂದೇ ವಿಷಯ, ನೀಲಿ.

ಮೂರು ವಾರ ಕಲ್ಲಿನ ನೀಲಿ. ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳಿಂದ ಲ್ಯಾಪಿಸ್ ಲಾಜುಲಿ ಎಂಬ ನೀಲಿ ಕಲ್ಲು ಯುರೋಪಿನ ತನಕ ಹೋಗಿ, ‘ಕಡಲಾಚೆಯದು’ ಎಂಬ ಅರ್ಥದ ಅಲ್ಟ್ರಾಮರೀನ್ ಆದ ಕತೆ. ಇಲ್ಲಿ ವ್ಯಾಪಾರ, ಧರ್ಮ, ಚಿತ್ರಕಾರನ ಜೊತೆಗಿನ ಕರಾರು ಪತ್ರ ಎಲ್ಲ ತಾನಾಗಿ ಬರುತ್ತವೆ. ಆಮೇಲೆ ಪ್ರಶ್ಯನ್ ನೀಲಿ. 18ನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಕೆಂಪು ಮಾಡಲು ಹೋಗಿ ಆಕಸ್ಮಿಕವಾಗಿ ಹುಟ್ಟಿದ ಬಣ್ಣ ಅದು. ಜಪಾನಿನ ಕಲಾವಿದ ಹೊಕುಸಾಯಿಯ ‘ದೊಡ್ಡ ಅಲೆ’ ಚಿತ್ರದಲ್ಲಿ ಇರುವುದೂ ಅದೇ, ನಾವು ಟ್ರೇಯಲ್ಲಿ ಕಂಡದ್ದೂ ಅದೇ. 1843ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಅನ್ನಾ ಅಟ್ಕಿನ್ಸ್ ಪಾಚಿಗಳ ಸಯನೊಟೈಪ್‌ಗಳನ್ನು ಕಂತು ಕಂತಾಗಿ ಹೊರತರಲು ಶುರುಮಾಡಿ, ಕೆಳಗೆ ಬರೀ ಹೆಸರಿನ ಮೊದಲಕ್ಷರಗಳನ್ನು ಹಾಕಿದಳು. ಎ.ಎ. ಎಂಬ ಆ ಎರಡಕ್ಷರ ‘ಅನಾನಿಮಸ್ ಅಮೆಚೂರ್’, ಅಂದರೆ ಅನಾಮಧೇಯ ಹವ್ಯಾಸಿ ಎಂಬುದರ ಸಂಕ್ಷೇಪ ಇರಬೇಕೆಂದು ಮುಂದೆ ಒಬ್ಬರು ಭಾವಿಸಿದರು. ತಮ್ಮ ಕೆಲಸದ ಕೆಳಗೆ ಸಹಿ ಹಾಕುವ ವಯಸ್ಸಿನ ಮಕ್ಕಳಿಗೆ ಇದು ತಟ್ಟುವಷ್ಟು ಬೇರೇನೂ ತಟ್ಟಲಿಲ್ಲ. ಆ ಪೀರಿಯಡ್ ಮುಗಿದರೂ ಜಗಳ ಮುಗಿಯಲಿಲ್ಲ.

ಆದರೆ ಈ ಕೋರ್ಸಿನ ಜೀವ ಇರುವುದು ಗಿಡದ ನೀಲಿಯಲ್ಲಿ, ಇಂಡಿಗೊದಲ್ಲಿ. ಟೆಕ್ಸ್‌ಟೈಲ್ ವಿಭಾಗದ ಒಬ್ಬಳು ಅಲ್ಲಿಯ ತನಕ ಬಾಯಿ ಬಿಟ್ಟವಳಲ್ಲ. ಅವತ್ತು ಎದ್ದು ಬಂದು ತನ್ನ ಬೆರಳು ತೋರಿಸಿದಳು, ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಇತ್ತು. ಬಣ್ಣದ ತೊಟ್ಟಿಯಿಂದ ಎತ್ತುವಾಗ ಬಟ್ಟೆ ಹಳದಿ–ಹಸಿರಾಗಿರುತ್ತದೆ, ಗಾಳಿ ತಾಗಿದ ಹಾಗೆ ನಿಮ್ಮ ಕಣ್ಣೆದುರೇ ನೀಲಿಯಾಗುತ್ತದೆ, ಮತ್ತೆ ಅದ್ದಿದರೆ ಇನ್ನೂ ಗಾಢವಾಗುತ್ತದೆ ಎಂದು ಬಿಡಿಸಿ ಹೇಳಿದಳು. ನಾನು ಓದಿ ತಿಳಿದದ್ದು ಅವಳ ಕೈಗೆ ಗೊತ್ತಿತ್ತು. ಅವಳಿಗೆ ಗೊತ್ತಿಲ್ಲದೆ ಇದ್ದದ್ದನ್ನು ನಾನು ಹೇಳಿದೆ: ಮುಂಗಡ ಕೊಟ್ಟು ರೈತರ ಕೈ ಕಟ್ಟಿ ನೀಲಿ ಬೆಳೆಸಿದ್ದು, 1859ರಲ್ಲಿ ಬಂಗಾಳದ ರೈತರು ಬಿತ್ತುವುದಿಲ್ಲ ಎಂದು ತಿರುಗಿಬಿದ್ದದ್ದು, 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟದ್ದು, 1917ರಲ್ಲಿ ಗಾಂಧಿ ಚಂಪಾರಣ್ಯಕ್ಕೆ ಹೋದದ್ದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಡೈ ಲ್ಯಾಬಿನ ನೋಟ್ಸಿನಲ್ಲಿ ಇದು ಒಂದು ಸಾಲೂ ಇಲ್ಲ ಮೇಡಂ” ಅಂದಳು. ಅವಳು ಅದನ್ನೇ ಪ್ರಬಂಧ ಮಾಡಿದಳು.

ಮಧ್ಯಯುಗದ ಯುರೋಪಿನಲ್ಲಿ ಲಿಬರಲ್ ಆರ್ಟ್ಸ್ ಎಂದರೆ ಏಳು ವಿದ್ಯೆಗಳು: ವ್ಯಾಕರಣ, ತರ್ಕ, ಭಾಷಣಕಲೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಚಿತ್ರ, ಶಿಲ್ಪ, ನೇಯ್ಗೆ ಕೈಕೆಲಸ ಎಂಬ ಕಾರಣಕ್ಕೆ ಆ ಪಟ್ಟಿಯ ಹೊರಗೆ. ಆ ಹಳೆಯ ಗೋಡೆ ನಮ್ಮ ಟೈಮ್‌ಟೇಬಲ್‌ಗಳಲ್ಲಿ ಈಗಲೂ ಇದೆ. ಸ್ಟುಡಿಯೊ ಒಂದು ಕಡೆ, ಥಿಯರಿ ಇನ್ನೊಂದು ಕಡೆ. ನನಗೆ ಇದರ ಮೇಲೆ ನಿಜವಾದ ಸಿಟ್ಟಿದೆ.

ಇನ್ನು ಬರವಣಿಗೆ. “ನಮಗೆ ಬರೆಯೋಕೆ ಬರಲ್ಲ” ಎನ್ನುವುದು ಪ್ರತಿ ವರ್ಷ ಕೇಳುವ ಮಾತು. ನಾನು ಕಂಡಂತೆ ಅವರಿಗೆ ಬಾರದೆ ಇರುವುದು ಬರೆಯುವುದಲ್ಲ, ಮೊದಲ ಕರಡನ್ನು ಕರಡು ಎಂದು ನೋಡುವುದು. ಲೋಗೊ ಒಂದಕ್ಕೆ ನಲವತ್ತು ಸ್ಕೆಚ್ ಮಾಡುವವರು ಪ್ರಬಂಧವನ್ನು ಒಂದೇ ರಾತ್ರಿ, ಒಂದೇ ಸಲ ಬರೆದು ಕೊಡುತ್ತಾರೆ. ಹಾಗಾಗಿ ಸ್ಟುಡಿಯೊದ ಪದ್ಧತಿಯನ್ನೇ ತಂದೆ. ಮೊದಲ ಕೆಲಸ: ಒಂದು ನೀಲಿ ವಸ್ತುವನ್ನು ನಲವತ್ತು ನಿಮಿಷ ನೋಡಿ ಒಂದು ಪುಟ ಬರೆಯುವುದು. ‘ಸುಂದರ’, ‘ಅದ್ಭುತ’ ಬಳಸುವಂತಿಲ್ಲ. ಬರೆದದ್ದನ್ನು ಚಿತ್ರದಂತೆ ಗೋಡೆಗೆ ಪಿನ್ ಮಾಡಿ, ಎಲ್ಲರೂ ನಿಂತು ಓದಿ, ಕ್ರಿಟ್, ಅಂದರೆ ಸ್ಟುಡಿಯೊದಲ್ಲಿ ಮಾಡುವಂತೆ ಎಲ್ಲರೂ ಸೇರಿ ವಿಮರ್ಶೆ. ಮೊದಲು ಮಾತಾಡುವ ಮೂವರು ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವಂತಿಲ್ಲ. ಓದಿ ಕಣ್ಣಿಗೆ ಏನು ಕಂಡಿತು ಅಷ್ಟೇ ಹೇಳಬೇಕು. ಒಬ್ಬ ತನ್ನ ಬಾಲ್‌ಪೆನ್ನಿನ ಬಗ್ಗೆ ಬರೆದಿದ್ದ. ಓದಿದವರಿಗೆಲ್ಲ ಕಂಡದ್ದು ಕ್ಯಾಪಿನ ಹಲ್ಲಿನ ಗುರುತು, ಅವನು ಅದಕ್ಕೆ ಕೊಟ್ಟದ್ದು ಅರ್ಧ ಸಾಲು. ಮುಂದಿನ ಕರಡಿನಲ್ಲಿ ಅವನೇ ಅದನ್ನು ಮೊದಲಿಗೆ ತಂದ. ನಾನು ಕೆಂಪು ಶಾಯಿಯಲ್ಲಿ ಇದನ್ನು ಹೇಳಿದ್ದರೆ ಅವನು ಮಾಡುತ್ತಿರಲಿಲ್ಲ. ಮೂರು ಕರಡು ಕಡ್ಡಾಯ, ಅಂಕ ಮೂರನೆಯದಕ್ಕೆ ಮಾತ್ರ.

ಓದಲು ವಾರಕ್ಕೆ ಆರರಿಂದ ಎಂಟು ಪುಟ, ಕಾಗದದ ಮೇಲೆ, ಅಂಚು ಅಗಲ ಬಿಟ್ಟು. ಅಂಚಿನಲ್ಲಿ ಗೀಚಿದ್ದನ್ನೂ ಟಿಪ್ಪಣಿ ಎಂದೇ ಎಣಿಸುತ್ತೇನೆ. ಜ್ಯೂರಿ, ಅಂದರೆ ಸ್ಟುಡಿಯೊ ಕೆಲಸದ ಮೌಲ್ಯಮಾಪನ, ಇರುವ ವಾರ ಓದಿಸುವುದಿಲ್ಲ. ಸೌಂದರ್ಯಶಾಸ್ತ್ರದ ಸಿದ್ಧಾಂತವನ್ನು ನೇರವಾಗಿ ಓದಿಸಲು ಎರಡು ಸಲ ನೋಡಿದೆ, ಎರಡು ಸಲವೂ ಕೈಕೊಟ್ಟಿತು, ಬಿಟ್ಟೆ. ಗುಂಪು ಪ್ರಬಂಧವೂ ಹಾಗೇ. ಒಬ್ಬರು ಬರೆದು ಮೂವರು ಹೆಸರು ಹಾಕುತ್ತಾರೆ.

ಸ್ಟುಡಿಯೊದ ಒಬ್ಬ ಹಿರಿಯ ಸಹೋದ್ಯೋಗಿ, ಪೋರ್ಟ್‌ಫೋಲಿಯೊಗೆ ಬಾರದ ಕೆಲಸಕ್ಕೆ ಇಷ್ಟು ಸಮಯ ಯಾಕೆ ಎಂದು ಮೀಟಿಂಗಿನಲ್ಲಿ ಕೇಳಿದ್ದರು. ಅವರ ಆತಂಕ ಸುಳ್ಳಲ್ಲ, ಮಕ್ಕಳಿಗೆ ಕೆಲಸ ಸಿಗಬೇಕು. ನಾನು ವಾದ ಮಾಡದೆ ಅವರನ್ನು ಕ್ರಿಟ್‌ಗೆ ಕರೆದೆ. ಬಂದರು, ಎರಡು ಗಂಟೆ ನಿಂತೇ ಇದ್ದರು. ಈಗ ಇಂಡಿಗೊ ವಾರಗಳು ಡೈ ಲ್ಯಾಬಿನಲ್ಲೇ ನಡೆಯುತ್ತವೆ, ಅವರೂ ಇರುತ್ತಾರೆ.

ಕಳೆದ ಬ್ಯಾಚಿನ ಒಬ್ಬ ತನ್ನ ಸಯನೊಟೈಪನ್ನು ಹಾಸ್ಟೆಲ್ ಕಿಟಕಿಗೆ ಅಂಟಿಸಿದ್ದ. ಕೋರ್ಸ್ ಮುಗಿದು ಎಷ್ಟೋ ದಿನದ ಮೇಲೆ ಅದನ್ನು ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದ. ಬಿಸಿಲಿಗೆ ನೀಲಿ ಮಾಸಿತ್ತು, ಡ್ರಾಯರಿನ ಕತ್ತಲಲ್ಲಿ ಕೆಲವು ದಿನ ಇಟ್ಟದ್ದಕ್ಕೆ ಬಣ್ಣ ಬಹುಪಾಲು ಮರಳಿ ಬಂದಿತ್ತು. ಬೆಳಕು ಕಸಿದದ್ದನ್ನು ಗಾಳಿಯ ಆಮ್ಲಜನಕ ಹಿಂದಿರುಗಿಸುತ್ತದೆ ಎಂದು ಹೇಳಿದೆ. ಅವನಿಗೆ ಸಾಲಲಿಲ್ಲ. “ಹಾಗಾದ್ರೆ ಮ್ಯೂಸಿಯಮ್ಮಿನವರು ಇದನ್ನ ಎಷ್ಟು ದಿನ ತೋರಿಸಿ, ಎಷ್ಟು ದಿನ ಕತ್ತಲಲ್ಲಿ ಇಡ್ತಾರೆ? ಯಾರು ತೀರ್ಮಾನ ಮಾಡ್ತಾರೆ?” ಅಂದ. ಕುರ್ಚಿ ಎಳೆದು ಕೂರಿಸಿದೆ. ಅವನ ಮೂರನೇ ಕರಡಿಗೆ ಅಂಕ ಕೊಟ್ಟು ತಿಂಗಳಾಗಿತ್ತು. ನಾಲ್ಕನೆಯದನ್ನು ಅವನು ಬ್ಯಾಗಿನಲ್ಲಿ ತಂದಿದ್ದ.